ಮಾವಯ್ಯ ಕಡಲಿನ ಬಗ್ಗೆ ಮಾತಾಡಿದ್ದು

ಬೀಜಾಡಿಯಿಂದ ಕುಂದಾಪುರಕ್ಕೆ ನಾನು ದಿನಾ ಹೋಗುವ ಬಸ್ಸಿನ ಕಂಡಕ್ಟರಿಗೆ ನನ್ನ ಹೆಸರು ಗೊತ್ತಿಲ್ಲ. ಯಾರ ಸೊಸೆ ಎಂಬುದು ಚೆನ್ನಾಗಿ ಗೊತ್ತು. ಆ ದಿನ ನಾನು ಹತ್ತಿ ಕೂರುವಷ್ಟೂ ಪುರಸೊತ್ತು ಕೊಡದೆ, ಇಡೀ ಬಸ್ಸಿಗೆ ಕೇಳುವ ಹಾಗೆ, "ಹ್ವಾಯ್, ನಿಮ್ ಮಾವಯ್ಯ ಇವತ್ತ್ ಬೋಟಿನೋರಿಗೆ ಸಮಾ ಕೊಟ್ರಲೆ!" ಎಂದ. ನಾಲ್ಕು ಜನ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಗಂಡ ಆಗ ಬೋಟಿನಲ್ಲೇ ಇದ್ದರು, ಫೋನು ಸಿಗದಷ್ಟು ದೂರದಲ್ಲಿ.

ಮಾವಯ್ಯ ಎಂದರೆ ನನ್ನ ಗಂಡನ ಅಪ್ಪ. ಪ್ರಾಯದಲ್ಲಿ ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆದವರು. ಮಂಡಿ ಕೈಕೊಟ್ಟ ಮೇಲೆ ಜಗಲಿಯೇ ಗತಿಯಾಯಿತು. ಹೊತ್ತು ಹೋಗಲಿ ಎಂದು ನನ್ನ ಗಂಡ ಒಂದು ಫೋನು ತಂದುಕೊಟ್ಟರು. ಅದರಲ್ಲಿ ವಿಡಿಯೊ ಮಾಡಿ ಫೇಸ್‌ಬುಕ್ಕಿಗೆ ಹಾಕುವುದನ್ನು ಕಲಿಸಿದವಳು ನಾನು, ಆದ್ದರಿಂದ ಬೇರೆ ಯಾರನ್ನೂ ದೂರುವ ಹಾಗಿಲ್ಲ. ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಚಾ ಕುಡಿದು, ಇಸ್ತ್ರಿಯ ಶರ್ಟು ಹಾಕಿ (ಕೆಳಗೆ ಸುತ್ತಿದ್ದು ಬೈರಾಸೇ, ಅದು ಕಾಣುವುದಿಲ್ಲವಲ್ಲ), ತಂಬಿಗೆಗೆ ಫೋನು ಒರಗಿಸಿ ಕೂತರೆಂದರೆ ಲೋಕದ ವಿಚಾರವೆಲ್ಲ ನಮ್ಮ ಜಗಲಿಯಲ್ಲೇ ತೀರ್ಮಾನ. ಹೆದ್ದಾರಿಯ ಮೇಲ್ಸೇತುವೆ ಎಲ್ಲಿ ಇಳಿಯಬೇಕಿತ್ತು, ಮದುವೆಯಲ್ಲಿ ಬಫೆ ಊಟ ಯಾಕೆ ದಂಡ, ಕ್ರಿಕೆಟ್ ತಂಡದಿಂದ ಯಾರನ್ನು ಹೊರಗೆ ಕಳಿಸಬೇಕು, ಬ್ರಹ್ಮಾವರದ ಬಸ್ಸುಗಳು ಯಾಕೆ ಹಾಗೆ ಓಡುತ್ತವೆ. ಮಾವಯ್ಯ ಬ್ಯಾಟು ಹಿಡಿದವರಲ್ಲ, ಬಸ್ಸು ಬಿಟ್ಟವರೂ ಅಲ್ಲ. ಆದರೂ ಒಂದು ದಿನವೂ ಅಭಿಪ್ರಾಯಕ್ಕೆ ತತ್ವಾರವಾದದ್ದಿಲ್ಲ.

ಜನ ನೋಡಿದರು. ನಮ್ಮ ಕಡೆ ಲೈಕು ಒತ್ತುವವರು ಕಡಿಮೆ, ನೋಡದವರು ಇಲ್ಲವೇ ಇಲ್ಲ. ಫೋನಿನಲ್ಲಿ ಸುಮ್ಮನಿದ್ದು, ಮೀನು ಮಾರ್ಕೆಟ್ಟಿನಲ್ಲೋ ಊಟದ ಪಂಕ್ತಿಯಲ್ಲೋ ಉತ್ತರ ಕೊಡುತ್ತಾರೆ. ನಾನು ಕೆಲಸ ಮಾಡುವ ಬಟ್ಟೆ ಅಂಗಡಿಗೆ ಬಂದವರೂ ಸೀರೆ ಬಿಡಿಸುತ್ತಾ ಮಾವಯ್ಯನ ಮಾತನ್ನು ಅಣಕಿಸುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ. ಸುಳ್ಳು ಯಾಕೆ ಹೇಳಲಿ.

ಆ ದಿನದ ವಿಡಿಯೊವನ್ನು ಬಸ್ಸಿನಲ್ಲೇ ಕಿವಿಗೆ ಒತ್ತಿ ಹಿಡಿದು ಕೇಳಿದೆ. "ರಾತ್ರಿ ಕಡ್ಲಿಗೆ ಆ ಪರಿ ಬೆಳ್ಕ್ ಬಿಟ್ಟ್ ಮೀನ್ ಹಿಡುದ್ ಮೀನುಗಾರ್ಕಿ ಅಲ್ಲ. ಬೆಳ್ಕಿಗೆ ದೊಡ್ಡದೂ ಬತ್ತ್, ಮರಿಯೂ ಬತ್ತ್. ಮರಿ ಎಲ್ಲ ಬಾಚಿರೆ ಬಪ್ಪ ವರ್ಷ ಎಂತ ಹಿಡಿತ್ರಿ? ಕಡ್ಲ್ ಖಾಲಿ ಮಾಡಿ ಎಲ್ಲಿಗ್ ಹೋಪ್ದ್?" ಅಷ್ಟೇ. ಎಂದಿನ ತಮಾಷೆ ಇರಲಿಲ್ಲ. ಯಾರ ಹೆಸರೂ ಹೇಳಿರಲಿಲ್ಲ. ಆದರೆ ಇವರು ದುಡಿಯುವ ಬೋಟಿನಲ್ಲೂ ಅಂಥ ದೀಪಗಳಿವೆ ಎಂಬುದು ಬಂದರಿನ ಕಾಗೆಗೂ ಗೊತ್ತು.

ಬೋಟಿನ ಕೆಲಸದಲ್ಲಿ ಒಂದು ಕ್ರಮವಿದೆ. ಬೋಟು ಮತ್ತೆ ಹೊರಡುವ ಹಿಂದಿನ ಸಂಜೆ ಧಣಿಗಳು ಒಬ್ಬೊಬ್ಬರಿಗೂ ಫೋನು ಮಾಡಿ ನಾಳೆ ಬಾ ಎನ್ನುತ್ತಾರೆ. ಬರಬೇಡ ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ಫೋನು ಬರುವುದಿಲ್ಲ, ಅಷ್ಟೇ. ಅಂಥವನನ್ನು ಆಮೇಲೆ ಬೇರೆ ಬೋಟಿನವರೂ ಸುಲಭಕ್ಕೆ ಕರೆಯುವುದಿಲ್ಲ. ನನಗೆ ಆ ದಿನ ಅಂಗಡಿಯಲ್ಲಿ ಕೈಯೇ ಓಡಲಿಲ್ಲ. ನೀಲಿ ಕೇಳಿದವರಿಗೆ ಹಸಿರು ತೋರಿಸಿದೆ.

ಸಂಜೆ ಮನೆಗೆ ಬಂದು ಮಾವಯ್ಯನ ಫೋನು ತೆಗೆದು ನೋಡಿದೆ. ಅದೇ ವಿಡಿಯೊ ವಾಟ್ಸಾಪ್ ಸ್ಟೇಟಸ್ಸಿನಲ್ಲೂ ಇತ್ತು. ನೋಡಿದವರಲ್ಲಿ ಇವರ ಬೋಟಿನ ಧಣಿಗಳ ಹೆಸರೂ ಇತ್ತು. ನೋಡಿದ್ದಾರೆ, ಏನೂ ಹೇಳಿಲ್ಲ. ಬೈದು ಒಂದು ಮಾತು ಬರೆದಿದ್ದರೂ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

"ಮಾವಯ್ಯ, ಇದನ್ನ್ ತೆಗಿವನಾ?" ಎಂದೆ.

"ಎಂತಕ್ಕೆ? ನಾ ಸುಳ್ ಹೇಳಿದ್ನಾ?"

"ಸುಳ್ಳಲ್ಲ. ಇವ್ರ್ ಅದೇ ಬೋಟಗೆ ಇದ್ರಲೆ."

"ಅವ ಅಲ್ಲಿದ್ದದ್ದಕ್ಕೇ ನಂಗ್ ಗೊತ್ತಾದ್ದ್," ಎಂದು ಮಾವಯ್ಯ ಮುಖ ತಿರುಗಿಸಿದರು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ದೇವರೇ ಬಲ್ಲ. ಧಣಿಗಳ ಹೆಂಡತಿ ಅಂಗಡಿಗೆ ಬಂದರು. ಬಂದಾಗಲೆಲ್ಲ "ಎಂತ ಹೆಣೆ, ಇವತ್ತೆಂತ ಹೇಳ್ದ ನಿನ್ ಮಾವ?" ಎಂದು ನಗಿಸುವವರು, ಆ ದಿನ ರವಿಕೆ ಬಟ್ಟೆಯ ಬಣ್ಣ ಬಿಟ್ಟು ಬೇರೇನೂ ಮಾತಾಡಲಿಲ್ಲ. ಅವಸರದಲ್ಲಿದ್ದರೋ, ಸಿಟ್ಟಿನಲ್ಲಿದ್ದರೋ? ಅದನ್ನೇ ತಿರುವಿ ಹಾಕುತ್ತಾ ಮಧ್ಯಾಹ್ನದ ಬುತ್ತಿಯನ್ನು ಹಾಗೇ ಮನೆಗೆ ತಂದೆ. ಮಾವಯ್ಯನ ಮೇಲೆ ಸಿಟ್ಟು ಬಂದದ್ದೂ ಹೌದು. ಹೇಳುವುದಕ್ಕೆ ಅವರಿಗೆ ಬೇರೆ ವಿಷಯವೇ ಇರಲಿಲ್ಲವೇ? ಆ ಸೇತುವೆಯನ್ನು ಇನ್ನೊಂದು ಸಲ ಬೈದಿದ್ದರೆ ಏನು ಗಂಟು ಹೋಗುತ್ತಿತ್ತು?

ಬೋಟು ಬಂತು. ಬಂದರಿನಲ್ಲಿ ಕಾಲಿಡುವಷ್ಟರಲ್ಲಿ ಇವರಿಗೆ ಎಲ್ಲ ಗೊತ್ತಾಗಿತ್ತು. ಮನೆಗೆ ಬಂದವರೇ ಮೀನಿನ ಚೀಲ ನನ್ನ ಕೈಗೆ ಕೊಟ್ಟು ಅಪ್ಪನ ಹತ್ತಿರ ಕೂತರು. ಈಗ ಜಗಳ ಆಗಿಯೇ ಆಗುತ್ತದೆ ಎಂದು ನಾನು ಬಾಗಿಲ ಹತ್ತಿರವೇ ನಿಂತೆ.

"ಸಮಾ ಹೇಳಿದ್ರಿ ಅಪ್ಪಯ್ಯ," ಎಂದರು ಇವರು. ಆಮೇಲೆ ನನ್ನ ಕಡೆ ತಿರುಗಿ, "ಬಲೆ ಮೇಲೆ ಬಪ್ಪ ಹೊತ್ತಿಗೆ ನಾನೂ ಅದನ್ನೇ ಹೇಳ್ಕಂಬ್ದ್. ಬಾಯ್ ಬಿಟ್ಟ್ ಹೇಳುಕಾತ್ತಿಲ್ಲೆ, ಅಷ್ಟೆ," ಎಂದರು.

ಹಾಗೆ ಹೇಳಿದವರೇ ಮರುದಿನ ಸಂಜೆ ಫೋನನ್ನು ಕಿಟಕಿಯ ಮೇಲಿಟ್ಟು ಅದರ ಮುಂದಿನಿಂದ ಏಳಲಿಲ್ಲ. ಸಿಗ್ನಲ್ಲು ಸರಿಯಾಗಿ ಸಿಗುವುದು ಅಲ್ಲಿ ಮಾತ್ರ. ಬೋಟು ಹೊರಡುವುದು ನಾಳೆ ಎಂದು ಊರಿಗೆಲ್ಲ ತಿಳಿದಿತ್ತು. ಪಕ್ಕದ ಮನೆಯ ಹುಡುಗನಿಗೆ ಕರೆ ಬಂದದ್ದು ನಮಗೆ ಬೇಲಿಯಾಚೆಯಿಂದಲೇ ಕೇಳಿಸಿತು. ನಾನು ಒಲೆಯ ಮುಂದೆ ಕೂತು ಸಾರು ಕುದಿಯುವ ಸದ್ದಿಗೂ ಬೆಚ್ಚುತ್ತಿದ್ದೆ. ಮಾವಯ್ಯ ತಮ್ಮ ಫೋನನ್ನು ಮಗುಚಿ ಹಾಕಿ ಜಗಲಿಯಲ್ಲಿ ಕೂತಿದ್ದರು.

ದೀಪ ಹಚ್ಚಿದ ಮೇಲೆ ಫೋನು ಬಂತು. ಇವರು ಎರಡು ಮಾತು ಕೇಳಿ, ಎದ್ದು ಹೋಗಿ ಅಪ್ಪನ ಕೈಗೆ ಕೊಟ್ಟರು. ಧಣಿಗಳು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಮಾವಯ್ಯ "ಹೂಂ" ಎಂದರು. ಇನ್ನೊಮ್ಮೆ "ಹೂಂ" ಎಂದರು. ಕೊನೆಗೆ, "ಇಲ್ಲೆ, ಇನ್ ಹೇಳುದಿಲ್ಲೆ," ಎಂದು ಫೋನು ವಾಪಸು ಕೊಟ್ಟರು. ಇವರು ಕಿವಿಗಿಟ್ಟುಕೊಂಡು, "ಆಯ್ತ್, ನಾಳೆ ಬತ್ತೆ," ಎಂದರು. ಆ ಒಂದು ಮಾತಿಗೆ ನನಗೆ ಹೋದ ಜೀವ ಬಂದ ಹಾಗಾಯಿತು.

"ಅದನ್ನ್ ತೆಗಿ, ಹೆಣೆ," ಎಂದು ಮಾವಯ್ಯ ತಮ್ಮ ಫೋನನ್ನು ನನ್ನ ಕಡೆ ಚಾಚಿದರು. ಅಳಿಸಿಬಿಡಲೇ ಎಂದು ಫೋನು ಕೇಳಿತು. ಅದು ಕೇಳಿ ಮುಗಿಸುವ ಮೊದಲೇ ನಾನು ಹೂಂ ಒತ್ತಿದೆ.

ಇವರು ಕಡಲಿಗೆ ಹೋದರು. ಮಾರನೆಯ ಬೆಳಿಗ್ಗೆ ಮಾವಯ್ಯ ಚಾ ಕುಡಿದು ಹಾಗೇ ಕೂತರು, ಶರ್ಟು ಹಾಕಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಕಂಡಕ್ಟರ್ "ಎಂತ, ಮಾವಯ್ಯನಿಗೆ ಹುಷಾರಿಲ್ಯಾ?" ಎಂದು ಕೇಳಿದ. ನನಗೆ ಇನ್ನೊಂದು ಚಿಂತೆ ಹಿಡಿಯಿತು. ಮಾತಾಡಿದರೆ ಹೆದರುತ್ತಿದ್ದ ನನಗೆ ಅವರು ಮಾತಾಡದೆ ಇರುವುದು ಅದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಕಡೆಗೆ ಒಂದು ಬೆಳಿಗ್ಗೆ ನಾನೇ ಶರ್ಟಿಗೆ ಇಸ್ತ್ರಿ ಹಾಕಿ ತಂದೆ, ತಂಬಿಗೆಗೆ ಫೋನು ಒರಗಿಸಿದೆ.

"ಮಾವಯ್ಯ, ಬೋಟಿನ್ ವಿಷ್ಯ ಒಂದ್ ಬ್ಯಾಡ. ಬಾಕಿ ಎಂತಾರೂ ಹೇಳಿ. ಆ ಸೇತುವೆದ್ ಹೇಳಿ, ಕಾಂಬ."

ಅವರು ಫೋನಿನ ಕಡೆ ನೋಡಲೇ ಇಲ್ಲ.

"ಸೇತುವೆ ವಿಷ್ಯ ನಂಗೆಂತ ಗೊತ್ತಿತ್ತ್, ಹೆಣೆ?" ಎಂದರು. "ಗೊತ್ತಿದ್ದದ್ದ್ ಕಡ್ಲ್ ಒಂದೇ."