ಯಾರೂ ಬಾಯಿಬಿಡದ ಸಿನೆಮಾ

ನಿಜಾಮರ ಕಾಲದಲ್ಲಿ ಕಲಬುರಗಿಯ ಸ್ಟೇಶನ್ ಬಜಾರದ ಬಯಲಿಗೆ ಡೇರೆ ಸಿನೆಮಾ ಬರುತ್ತಿತ್ತು. ಎಲ್ಲ ಮೂಕಿ ಚಿತ್ರಗಳು. ಪರದೆಯ ಪಕ್ಕ ಒಬ್ಬ ನಿಂತು ಕನ್ನಡದಲ್ಲೊಮ್ಮೆ, ಉರ್ದುವಿನಲ್ಲೊಮ್ಮೆ ಕತೆ ಕೂಗಿ ಹೇಳುತ್ತಿದ್ದ. ಅವನ ಕಷ್ಟ ನನಗೆ ಚೆನ್ನಾಗಿ ಗೊತ್ತಿತ್ತು. ಅದೇ ಊರಿನ ಗಾಜಿಪುರ ಓಣಿಯ ನಮ್ಮ ಮನೆಯಲ್ಲಿ ನನ್ನದೂ ಅದೇ ಕೆಲಸ.

ನಮ್ಮತ್ತೆ ಕಮಲಾಪುರದವರು. ಅಣ್ಣನ ಮಗಳನ್ನು ಸೊಸೆ ಮಾಡಿಕೊಳ್ಳುತ್ತೇನೆಂದು ತವರಿಗೆ ಮಾತು ಕೊಟ್ಟಿದ್ದರು. ಮಗ, ಅಂದರೆ ನನ್ನವರು, ಒಲ್ಲೆನೆಂದು ನನ್ನನ್ನು ಮಾಡಿಕೊಂಡರು. ಅಂದಿನಿಂದ ತಾಯಿ ಮಗ ಮಾತು ಬಿಟ್ಟರು, ಒಂದೇ ಮನೆಯಲ್ಲಿರುವುದನ್ನು ಬಿಡಲಿಲ್ಲ. "ನಿನ್ನ ಗಂಡಗ ಹೇಳು." "ಅವ್ವಗ ಹೇಳು." ಮೊಳದ ದೂರದಲ್ಲಿ ಕೂತವರ ನಡುವೆ ಒಂಬತ್ತು ವರ್ಷ ಮಾತು ಹೊತ್ತೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರೆ. ನಮ್ಮಲ್ಲಿ ತಾಯಿ ಮಗನ ಜಗಳದಲ್ಲಿ ಸೊಸೆ ಬಡವಾದಳು.

ಒಂದು ಸಂಜೆ ಪಕ್ಕದ ಮನೆಯ ಖಾಲಾ ನನ್ನನ್ನು ಆಟಕ್ಕೆ ಕರೆದೊಯ್ದರು. ಯಾವುದೋ ಪರದೇಶದ ದೆವ್ವದ ಚಿತ್ರ, ಹೆಸರೂ ನೆನಪಿಲ್ಲ. ದೆವ್ವ ಕೊನೆತನಕ ಬರಲೇ ಇಲ್ಲ. ಒಂದು ಮನೆ, ಊಟಕ್ಕೆ ಕೂತ ಮೂವರು, ಅವರ ಹಿಂದೆ ತಾನಾಗಿಯೇ ತೆರೆದುಕೊಳ್ಳುವ ಬಾಗಿಲು, ಅಷ್ಟೇ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕತೆ ಹೇಳುವವನು ಸ್ವಲ್ಪ ಹೊತ್ತು ಕೂಗಿದ. ಆಮೇಲೆ ಗಂಟಲು ಕೆಟ್ಟಿತೋ, ಹೇಳುವುದಕ್ಕೇನೂ ಇರಲಿಲ್ಲವೋ, ಸುಮ್ಮನಾಗಿಬಿಟ್ಟ. ಅವನು ಸುಮ್ಮನಾದದ್ದೇ ತಡ, ಡೇರೆಯಲ್ಲಿದ್ದವರೆಲ್ಲ ಅಂಜತೊಡಗಿದರು.

"ಅಂಜಿಕಿ ಬರಾಕತ್ತದ, ನಡೀ ಹೋಗೋಣು," ಎಂದು ಖಾಲಾ ನನ್ನ ರಟ್ಟೆ ಹಿಡಿದರು. ನನಗೆ ಆಕಳಿಕೆ ಬಂತು. ದಿನಾ ನೋಡುವುದಕ್ಕೆ ಏನು ಅಂಜುವುದು? ಆದರೆ ಬಾಯಿ ಮುಚ್ಚಿ ನಿಂತ ಆ ಮನುಷ್ಯನನ್ನು ಕಂಡು ಹೊಟ್ಟೆಕಿಚ್ಚಾಯಿತು.

ಮರುದಿನ ಊಟದ ಹೊತ್ತಿಗೆ ಅತ್ತೆ ಎಂದರು, "ನಿನ್ನ ಗಂಡಗ ಹೇಳು, ರೊಟ್ಟಿ ಆರಾಕತ್ತಾವ."

ನಾನು ಹೇಳಲಿಲ್ಲ. ಹಟವೇನಲ್ಲ, ಸಾಕಾಗಿತ್ತು.

ನನ್ನವರು ಕಾದು ನೋಡಿ, "ಅವ್ವಗ ಹೇಳು, ನನಗ ಹಸಿವಿಲ್ಲ," ಎಂದರು. ಅದನ್ನೂ ಹೇಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಇಬ್ಬರೂ ನನ್ನನ್ನೇ ನೋಡಿದರು. ಹಿಂದಿನ ಸಂಜೆ ಖಾಲಾರ ಮುಖದಲ್ಲಿ ಕಂಡ ಅಂಜಿಕೆ ಆಗ ಅವರ ಮುಖದಲ್ಲಿ ಕಂಡೆ. ಕಡೆಗೆ ಅತ್ತೆ ಮಗನ ಕಡೆ ಹೊರಳಿದರು.

"ಏನಾಗ್ಯಾದೋ ಇಕಿಗಿ?"

"ಏನ್ ಗೊತ್ತವ್ವಾ. ನಿನ್ನಿ ಸಿನೆಮಾ ನೋಡಿ ಬಂದಾಗಿಂದ ಹಿಂಗೇ ಅದಾಳ."

ಸೀದ ರೊಟ್ಟಿ ತೆಗೆದು ಇನ್ನೊಂದು ಬಡಿಯತೊಡಗಿದೆ. ಒಂಬತ್ತು ವರ್ಷದ ಮೇಲೆ ತಾಯಿ ಮಗ ಮಾತಾಡಿದ್ದರು. ಏನಾಗಿದೆ ಎಂದು ನನ್ನನ್ನು ಮಾತ್ರ ಇಬ್ಬರೂ ಕೇಳಲಿಲ್ಲ.