ಖಾಲಿ ಪಾಕೀಟಿನ ಅಂಗಿ

ನನ್ನ ಸಣ್ಣ ಮಗನ ಬಾಯಿ ಈಗ ಎರಡು ಬೆರಳು ಹೋಗುವಷ್ಟೂ ತೆರೆಯುವುದಿಲ್ಲ. ಹುಟ್ಟಿದಾಗ ದುಬಲಗುಂಡಿಯ ಅರ್ಧ ಊರಿಗೆ ಕೇಳುವಂತೆ ಅತ್ತ ಬಾಯಿ ಅದು. ಯಾರ ಕಣ್ಣೂ ತಾಗಲಿಲ್ಲ, ಹಣೆಬರಹದ ಮೇಲೂ ನಾನು ಹಾಕುವುದಿಲ್ಲ. ಮೋಟರ್ ಸೈಕಲ್ ಓಟ ನೋಡಲು ಹೋಗಿ ಹಾಗಾಯಿತು. ಹೀಗೆಂದರೆ ಜನ ನಗುತ್ತಾರೆ. ಓಟ ನೋಡಿ ಕಣ್ಣು ಕೆಡಬಹುದು, ಬಾಯಿ ಹೇಗೆ ಕೆಡುತ್ತದೆ ಎನ್ನುತ್ತಾರೆ. ಹೇಗೆ ಕೆಟ್ಟಿತೋ ಹಾಗೇ ಬರೆಯುತ್ತೇನೆ. ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಹುಮನಾಬಾದಿನಲ್ಲಿ ಅವನು, ಅವನ ಹೆಂಡತಿ, ಅವರ ಮಗಳು, ನಾನು, ನಾಲ್ಕು ಜನ ಇದ್ದೇವೆ. ದುಬಲಗುಂಡಿಯ ಹೊಲವನ್ನು ದೊಡ್ಡ ಮಗ ನೋಡಿಕೊಳ್ಳುತ್ತಾನೆ. ಸಣ್ಣವನು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಟಂಟಂ ಹೊಡೆಯುತ್ತಾನೆ. ದಿನವೆಲ್ಲ ಮೂರು ಗಾಲಿಯ ಮೇಲೆ ಕೂತು ಹಿಂದಿನಿಂದ ಬಂದವರಿಗೆಲ್ಲ ದಾರಿ ಬಿಡುವವನು. ಅಂಥವನಿಗೆ ಓಟದ ಹುಚ್ಚು. ಮೊದಲು ಮೊಬೈಲಿನಲ್ಲಿ ನೋಡುತ್ತಿದ್ದ. ಆಮೇಲೆ ಓಟವೇ ನಮ್ಮ ಕಡೆಗೆ ಬಂತು. ಊರ ಹೊರಗೆ ಪ್ಲಾಟು ಮಾರುವುದಕ್ಕೆಂದು ಹೊಲ ಕೆಡಿಸಿ ಒಂದು ರಸ್ತೆ ಹಾಕಿದ್ದರು. ಮನೆ ಒಂದೂ ಏಳಲಿಲ್ಲ, ರಸ್ತೆ ಮಾತ್ರ ಗೆರೆ ಎಳೆದಂತೆ ನೆಟ್ಟಗೆ ಬಿದ್ದಿತ್ತು. ಅಲ್ಲಿ ಡ್ರ್ಯಾಗ್ ರೇಸ್ ಶುರುವಾಯಿತು.

ಒಮ್ಮೆ ನನ್ನನ್ನೂ ಮೊಮ್ಮಗಳನ್ನೂ ಕೂರಿಸಿಕೊಂಡು ಹೋದ. ಎರಡು ಗಾಡಿ ಜೋಡಿ ನಿಲ್ಲುತ್ತವೆ. ಹಿಂದಿನ ಗಾಲಿ ಹೊಗೆ ಬರುವತನಕ ತಿರುಗಿಸುತ್ತಾರೆ. ದೀಪ ಹತ್ತಿದ ಕೂಡಲೇ ನೆಟ್ಟಗೆ ಓಡುತ್ತಾರೆ. ಅಷ್ಟೇ. ತಿರುವಿಲ್ಲ, ಮುರುವಿಲ್ಲ. ನಾನು ಸೆರಗು ಸರಿಮಾಡಿಕೊಂಡು ತಲೆ ಎತ್ತುವಷ್ಟರಲ್ಲಿ ಮುಗಿದಿತ್ತು.

"ಯಾರ್ ಗೆದ್ರೋ?" ಎಂದೆ.

"ನಮ್ಮಂವಾ ಗೆದ್ದ ಅವ್ವಾ! ನೋಡ್ಲಿಲ್ಲೇನ ನೀ?"

"ನಮ್ಮಂವಾ ಅಂದ್ರ? ನಮ್ಮ ಪೈಕಿ ಏನ?"

"ಹೈದ್ರಾಬಾದದಂವಾ ಅದಾನ. ಆದ್ರ ನಮ್ಮಂವಾನ."

ಗೆದ್ದವನ ಅಂಗಿಯ ಮೇಲೆ ಬಟ್ಟೆ ಕಾಣುತ್ತಿರಲಿಲ್ಲ, ಬರೀ ಹೆಸರು. ಎದೆಯ ಮೇಲೆ ಎಣ್ಣೆ, ತೋಳಿಗೆ ಟೈರು, ಬೆನ್ನ ತುಂಬ ಒಂದು ಯಾಲಕ್ಕಿ ಕಂಪನಿ. ರಸ್ತೆಯ ಎರಡೂ ಕಡೆ ಅದೇ ಯಾಲಕ್ಕಿಯ ಬ್ಯಾನರು. ಕಂಪನಿಯ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಅದಕ್ಕೆ ಇನ್ನೊಂದು ಫುಕಟ್ ಬ್ಯಾನರು ಕಟ್ಟಿದಂತೆ.

ಯಾಲಕ್ಕಿ ಒಳ್ಳೆಯದೇ, ಹೋಳಿಗೆಗೆ ಬೇಕಾಗುತ್ತದೆ ಎಂದು ಬರುವಾಗ ಅಂಗಡಿಯಲ್ಲಿ ಆ ಹೆಸರು ಹೇಳಿ ಕೇಳಿದೆ. ಅಂಗಡಿಯವನು ನನ್ನ ಮುಖ ನೋಡಿ ನಕ್ಕ. "ಆಯಿ, ಆ ಹೆಸರಿನ್ಯಾಗ ಯಾಲಕ್ಕಿ ಯಾರೂ ಕೇಳಂಗಿಲ್ರಿ. ಇದ ಕೇಳ್ತಾರ" ಎಂದು ಮೇಲೆ ತೂಗುಬಿಟ್ಟ ಮಾಲೆಯಿಂದ ಪಾಕೀಟು ಹರಿದು ತೋರಿಸಿದ. ಪಾನ್ ಮಸಾಲೆ. ಅದರ ಜೊತೆಗೆ ತಂಬಾಕಿನ ಚಿಕ್ಕ ಪಾಕೀಟು. ಬೇರೆ ಬೇರೆ ಮಾರುತ್ತಾರೆ, ತಿನ್ನುವವನು ಅಂಗೈಯಲ್ಲಿ ಕೂಡಿಸಿಕೊಳ್ಳುತ್ತಾನೆ. ಹೆಸರು ಅದೇ, ಬಣ್ಣ ಅದೇ, ಅಕ್ಷರದ ಬಾಲವೂ ಅದೇ. ಬ್ಯಾನರಿನ ಮೇಲೆ ಮಾತ್ರ ಯಾಲಕ್ಕಿ.

ಆ ಓಟದ ನಂತರ ಓಣಿಯೇ ಬದಲಾಯಿತು. ಪಕ್ಕದ ಮನೆಯವನು ಚೆನ್ನಾಗಿದ್ದ ಟೈರು ಬಿಚ್ಚಿ ಗೆದ್ದವನ ಟೈರು ಹಾಕಿಸಿದ. ಬೇಮಳಖೇಡದಿಂದ ಹಾಲು ತರುವವನು ತನ್ನ ಮುದಿ ಗಾಡಿಗೆ ಗೆದ್ದವನ ಎಣ್ಣೆ ಹೊಯ್ಯಿಸಿದ. ಹಾಲು ಮೊದಲಿನ ಹೊತ್ತಿಗೇ ಬಂತು, ಅದರಲ್ಲಿ ನೀರೂ ಮೊದಲಿನಷ್ಟೇ ಇತ್ತು. ನನ್ನ ಮಗ ಪಾಕೀಟು ಹಿಡಿದ. ಅದಕ್ಕಿಂತ ಮೊದಲು ಮದುವೆಮನೆಯಲ್ಲಿ ಎಲೆ ಅಡಿಕೆ ಕೊಟ್ಟರೂ ಜೇಬಿಗೆ ಹಾಕಿಕೊಂಡು ಬರುತ್ತಿದ್ದವನು.

ತಿನ್ನು ಎಂದು ಅವನಿಗೆ ಯಾರೂ ಹೇಳಲಿಲ್ಲ, ಇದು ನಾನು ಕಂಡದ್ದು. ಹೇಳಿದ್ದರೆ ತಿನ್ನುತ್ತಿರಲಿಲ್ಲವೇನೋ, ಹೇಳಿದ್ದನ್ನು ಕೇಳುವ ಜಾಯಮಾನವೇ ಅಲ್ಲ ಅವನದು. ಅವನು ತಿಂದದ್ದು ಋಣಕ್ಕೆ. ಒಂದು ದಿನ ಬೈದಾಗ ಹೀಗೆಂದ:

"ಆ ಕಂಪನಿಯವ್ರು ರೊಕ್ಕಾ ಹಾಕ್ಲಿಲ್ಲಂದ್ರ ನಮ್ಮಂಥಾ ಊರಿಗಿ ರೇಸ್ ಯಾರ್ ತರ್ತಾರವ್ವಾ? ನಾವ್ ಅವರ ಮಾಲ್ ತಗೋಳಿಲ್ಲಂದ್ರ ಬರೂ ವರ್ಷ ಬರಂಗಿಲ್ಲ ಅವರು."

"ಬರ್ಲಿಲ್ಲಂದ್ರ ಯಾರ್ ಸಾಯ್ತಾರ?"

"ನಿಂಗ ತಿಳಿಯಂಗಿಲ್ಲ ಬಿಡು. ನೀ ಫುಕಟ್ ಬಕೀಟಿನ ಸಲ್ಯಾಗಿ ಸಾಬೂನ ಪುಡಿ ತಗೊಂಡಿದ್ದಿಲ್ಲೇನ?"

"ತಗೊಂಡಿದ್ದೆ. ಬಕೀಟ್ನ್ಯಾಗ ನೀರ್ ನಿಂತ್ವು. ನಿಂದ್ರಾಗ ಏನ್ ನಿಂತದ? ಗ್ವಾಡಿ ತುಂಬ ಉಗುಳು."

ಅವನ ಹೆಂಡತಿ ಒಳಗಿನಿಂದ ನಕ್ಕಳು. ಅವನಿಗೆ ಸಿಟ್ಟು ಬಂತು, ಎದ್ದು ಹೋದ.

ಆಮೇಲೆ ಕಂಪನಿಯವರು ಅಂಗಿಯ ಆಸೆ ತೋರಿಸಿದರು. ಖಾಲಿ ಪಾಕೀಟು ಕೂಡಿಸಿ ಓಟದ ದಿನ ತಂದವರಿಗೆ ಗೆದ್ದವನ ಅಂಗಿಯಂಥದೇ ಅಂಗಿ, ಬೆನ್ನ ಮೇಲೆ ಅವನದೇ ನಂಬರು. ಅಂಗಡಿಯಲ್ಲಿ ಆ ಅಂಗಿ ರೊಕ್ಕ ಕೊಟ್ಟರೂ ಸಿಗುವುದಿಲ್ಲ. ಖಾಲಿ ಪಾಕೀಟಿಗೇ ಸಿಗಬೇಕು. ಮಗ ಟಂಟಂನಲ್ಲಿ ಸೀಟಿನ ಕೆಳಗೆ ಚೀಲ ಇಟ್ಟು ಕೂಡಿಸಿದ. ನಮ್ಮ ಬೀದಿಯಲ್ಲಿ ಕಸ ಎಂದೂ ಅಷ್ಟು ಕಡಿಮೆ ಇರಲಿಲ್ಲ. ಅಂಗಿ ಬಂತು. ಅದನ್ನು ಹಾಕಿಕೊಂಡು ಬಸವಕಲ್ಯಾಣದ ಸ್ಟ್ಯಾಂಡಿನಲ್ಲಿ ನಿಂತರೆ ಸೀಟು ಬೇಗ ತುಂಬುತ್ತವೆ ಎನ್ನುತ್ತಿದ್ದ. ಸುಳ್ಳು. ನಾನೇ ಕೂತು ನೋಡಿದ್ದೇನೆ. ಜನ ಅಂಗಿ ನೋಡಿ ಹತ್ತುವುದಿಲ್ಲ, ಬಸ್ಸು ಬರದಿದ್ದರೆ ಹತ್ತುತ್ತಾರೆ.

ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಊಟಕ್ಕೆ ಕೂತವನು ಹೆಂಡತಿಯ ಮೇಲೆ ಹರಿಹಾಯ್ದ. "ಎಷ್ಟ್ ಖಾರಾ ಹಾಕ್ತಿ? ಬಾಯಿ ಸುಡಾಕತ್ತದ!" ಆಕೆ ಖಾರ ಕಡಿಮೆ ಮಾಡಿದಳು. ಮರುವಾರವೂ ಅದೇ ಕೂಗು. ಇನ್ನೂ ಕಡಿಮೆ ಮಾಡಿದಳು. ಕೊನೆಗೆ ನಮ್ಮ ಮನೆಯ ಪಲ್ಯ ಬಾಣಂತಿಯ ಊಟದಂತಾಯಿತು. ಆದರೂ ಸುಡುತ್ತದೆ ಎಂದ.

"ಅತ್ತಿ, ಇಂವಗ ನನ್ನ ಕೈಯ ಸುಡಾಕತ್ತದ, ಖಾರಲ್ಲ" ಎಂದು ಸೊಸೆ ಕಣ್ಣು ಒರೆಸಿಕೊಂಡಳು. ನಾನು ಪಲ್ಯದ ರುಚಿ ನೋಡಿದೆ. ಅದರಲ್ಲಿ ಖಾರವೇ ಇರಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಆ ದಿನ ಹೊತ್ತು ಹುಟ್ಟಿದ ಮೇಲೆ ನಮ್ಮ ಕಡೆ ಊರಲ್ಲಿ ಒಲೆ ಹೊತ್ತುವುದಿಲ್ಲ. ಬೆಳಗಿನ ಜಾವವೇ ಅಡಿಗೆ ಮುಗಿಸಿ ಎಲ್ಲರೂ ಹೊಲಕ್ಕೆ ಹೋಗುತ್ತೇವೆ. ಸಜ್ಜೆ ರೊಟ್ಟಿ, ಅಂಬಲಿ, ಹಸಿ ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ. ಉಣ್ಣುವ ಮೊದಲು ಭೂಮಿತಾಯಿಗೆ ಚರಗ ಚೆಲ್ಲಬೇಕು. ಒಬ್ಬ ಅಡಿಗೆಯನ್ನು ಬೆಳೆಯ ಮೇಲೆ ಚೆಲ್ಲುತ್ತ ಹೊಲ ಸುತ್ತುತ್ತಾನೆ, ಇನ್ನೊಬ್ಬ ನೀರಿನ ತಂಬಿಗೆ ಹಿಡಿದು ಹಿಂದೆ ಹಿಂದೆ ಗಂಟಲು ಬಿಚ್ಚಿ ಕೂಗುತ್ತ ಹೋಗುತ್ತಾನೆ. ಕೂಗು ಆಚೆ ಹೊಲದವರಿಗೆ ಕೇಳಬೇಕು, ಅವರು ತಿರುಗಿ ಕೂಗಬೇಕು. ನಮ್ಮ ಹೊಲದಲ್ಲಿ ಮೊದಲಿನಿಂದ ಚೆಲ್ಲುವವನು ದೊಡ್ಡವನು, ಕೂಗುವವನು ಸಣ್ಣವನು.

ಆ ವರ್ಷ ದೊಡ್ಡವನು ಜೋಳದ ಸಾಲಿಗೆ ಇಳಿದು ಚೆಲ್ಲಿದ. ಹಿಂದೆ ಸದ್ದಿಲ್ಲ. ತಿರುಗಿ ನೋಡಿದ.

"ಯಾಕೋ? ನಿದ್ದಿ ಹೊಡ್ಯಾಕತ್ತೀಯೇನ? ಕೂಗು!"

ಸಣ್ಣವನು ಕೂಗಿದ. ಮುಚ್ಚಿದ ಕೊಡದೊಳಗಿನಿಂದ ಬಂದಂತೆ ಬಂತು. ಇನ್ನೊಮ್ಮೆ ಕೂಗಿದ. ಕತ್ತಿನ ನರ ಉಬ್ಬಿದವು, ತುಟಿ ಹಿಗ್ಗಿದವು, ಹಲ್ಲು ಮಾತ್ರ ಬಿಡಲಿಲ್ಲ. ಆಚೆ ಹೊಲದವನು ದೂರದಿಂದಲೇ, "ಏನಪಾ, ಎಲ್ಲಾ ಪಾಕೀಟ ಒಮ್ಮೇ ಹಾಕ್ಕೊಂಡೀಯೇನ? ಭೂಮ್ತಾಯಿಗಿ ಜರಾ ಜಾಗಾ ಬಿಡು!" ಎಂದು ನಕ್ಕ. ಮಗ ಬಾಯಲ್ಲಿದ್ದುದನ್ನು ಉಗುಳಿ ಬೆರಳು ಹಾಕಿ ತೋರಿಸಿದ. ಬಾಯಿ ಖಾಲಿ ಇತ್ತು. ಖಾಲಿ ಬಾಯಿಯೇ ತೆರೆಯುತ್ತಿರಲಿಲ್ಲ.

ಆಗ ಯಾರೂ ನಗಲಿಲ್ಲ. ಮೊಮ್ಮಗಳು ಅವನ ಕೈಯಿಂದ ತಂಬಿಗೆ ಕಸಿದುಕೊಂಡು ಹಿಂದೆ ಓಡಿ ಕೂಗಿದಳು. ಹೆಣ್ಣುಮಗಳು ಕೂಗಬಾರದು ಎನ್ನಲು ದೊಡ್ಡವನು ಬಾಯಿ ತೆಗೆದವನು ನನ್ನ ಮುಖ ನೋಡಿ ಮುಂದಿನ ಸಾಲಿಗೆ ಚೆಲ್ಲತೊಡಗಿದ.

ಬಸವಕಲ್ಯಾಣದ ಹಲ್ಲಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ವಯಸ್ಸಿನಲ್ಲಿ ಸಣ್ಣಾಕೆ.

"ಬಾಯಿ ತೆಗೀರಿ" ಎಂದಳು.

"ತೆಗದೀನ್ರಿ" ಎಂದ.

"ಇನ್ನೂ ತೆಗೀರಿ."

"ಇಷ್ಟೇ ಅದರಿ."

ಆಕೆ ಕೆನ್ನೆಯ ಒಳಗೆ ಒಂದು ಬೆರಳಾಡಿಸಿ ನೋಡಿದಳು. ಒಳಗಿನ ಚರ್ಮ ಹಗ್ಗದಂತೆ ಬಿಗಿದಿದೆ ಎಂದಳು. ಇವತ್ತೇ ಬಿಟ್ಟರೆ ಇದು ಇಲ್ಲಿಗೇ ನಿಲ್ಲಬಹುದು, ಬಿಡದಿದ್ದರೆ ಬಾಯಿ ಪೂರ್ತಿ ಮುಚ್ಚುತ್ತದೆ, ಕ್ಯಾನ್ಸರೂ ಬರಬಹುದು ಎಂದಳು. ಐಸ್‌ಕ್ರೀಮಿನ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ತೂರಿಸಿ ಹಿಡಿಯಬೇಕು, ದಿನಾ, ನೋವಾದರೂ ಮಾಡಬೇಕು ಎಂದು ಕಲಿಸಿಕೊಟ್ಟಳು.

ಬರುವ ದಾರಿಯಲ್ಲಿ ಟಂಟಂ ನಿಲ್ಲಿಸಿ ಮೋರಖಂಡಿಯ ಹೊಲಗಳ ಕಡೆ ಮುಖ ಮಾಡಿ ನಿಂತ. ಅಳುತ್ತಿದ್ದನೋ ಏನೋ, ನಾನು ಇಳಿದು ನೋಡಲಿಲ್ಲ. ತಿರುಗಿ ಬಂದು, "ಬಿಟ್ಟೆ ಅವ್ವಾ. ಮಗಳ ಆಣಿ" ಎಂದ.

"ಮಗಳ್ನ ನಡುವ ಹಾಕ್ಬ್ಯಾಡ. ತಿಂದಂವಾ ನೀ, ಬಿಡಂವಾ ನೀ."

ಬಿಟ್ಟ. ಖರೆ ಬಿಟ್ಟ, ಅದನ್ನು ನಾನು ಮುಚ್ಚಿಡುವುದಿಲ್ಲ. ಮುಂಜಾನೆ ಕಡ್ಡಿ ಕಚ್ಚಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದ. ಕಣ್ಣಲ್ಲಿ ನೀರು ಬರುತ್ತಿತ್ತು. ಮಗಳು ಎದುರಿಗೆ ಕೂತು, "ಪಪ್ಪಾ, ಇನ್ನೊಂದ್ ಕಡ್ಡಿ, ಇನ್ನೊಂದ್" ಎನ್ನುತ್ತಿದ್ದಳು. ಒಣಗಿ ಗಟ್ಟಿಯಾದ ಕಟಕ ರೊಟ್ಟಿಯನ್ನು ನಾನು ಅವನ ತಾಟಿನಲ್ಲಿ ಸಣ್ಣಗೆ ಮುರಿದು ಬೇಳೆಯಲ್ಲಿ ನೆನೆಹಾಕುತ್ತಿದ್ದೆ. ನನಗೆ ಬಾಯಿದೆ, ಹಲ್ಲಿಲ್ಲ. ಅವನಿಗೆ ಹಲ್ಲಿವೆ, ಬಾಯಿಲ್ಲ. ಆದರೂ ರೊಟ್ಟಿ ಒಣಗಿದ್ದೇ ತಿನ್ನುವವಳು ನಾನು, ಗುಟುಕು ಗುಟುಕು ನುಂಗುವವನು ಅವನು.

ಯುಗಾದಿಗೆ ಮೊದಲು ಮತ್ತೆ ಬ್ಯಾನರು ಎದ್ದವು. ಈ ಸಲ ಯಾಲಕ್ಕಿ ಇನ್ನೂ ದೊಡ್ಡದಿತ್ತು. ಗೆದ್ದವನು ಎರಡು ಬೆರಳಲ್ಲಿ ಒಂದು ಯಾಲಕ್ಕಿ ಹಿಡಿದು ನಗುತ್ತಿದ್ದ, ಬಾಯಿ ತುಂಬ ನಗು. ಆ ಬಾಯಿ ನೋಡಿದರೆ ಗೊತ್ತಾಗುತ್ತದೆ, ಅವನು ಅಂಗಡಿಯ ಮಾಲೆಯಿಂದ ಏನನ್ನೂ ಹರಿದು ತಿಂದವನಲ್ಲ.

"ಬರೀ ನೋಡಿ ಬರ್ತೀನವ್ವಾ" ಎಂದ ಮಗ. "ತಿನ್ನಂಗಿಲ್ಲ. ನೋಡಿದ್ರ ಏನ್ ಆಗ್ತದ?"

ಹೋದ. ಹೊತ್ತು ಮುಳುಗುವ ಮೊದಲೇ ಬಂದ. ಮೈಮೇಲೆ ಹೊಸ ಅಂಗಿ ಇತ್ತು. ಈ ವರ್ಷದ ಬಣ್ಣ ಬೇರೆ, ನಂಬರು ಅದೇ. ಸೊಸೆ ಅಂಗಿ ನೋಡಿ ನನ್ನನ್ನು ನೋಡಿದಳು. ಮೊಮ್ಮಗಳು, "ಪಪ್ಪಾ, ಛಂದ ಅದ!" ಎಂದಳು. ಅವಳಿಗೆ ಗೊತ್ತಿರಲಿಲ್ಲ. ನಮ್ಮಿಬ್ಬರಿಗೂ ಗೊತ್ತಿತ್ತು, ಆ ಅಂಗಿ ಯಾವುದಕ್ಕೆ ಸಿಗುತ್ತದೆ ಎಂದು.

"ಎಲ್ಲಿಂದ ಬಂತು?" ಎಂದೆ.

"ದೋಸ್ತ್ ಕೊಟ್ಟ. ಅವನ ಹಂತ್ಯಾಕ ಎರಡ ಇದ್ವು."

"ಬಾಯಿ ತೆಗಿ."

"ಬಾಯಿ ತೆರ್ಯಂಗಿಲ್ಲಲ್ಲವ್ವಾ" ಎಂದು ಹಲ್ಲು ಕಚ್ಚಿದಂತೆಯೇ ನಕ್ಕ. ನಗುವಾಗ ಹಲ್ಲಿನ ಸಂದಿಯಲ್ಲಿ ಕೆಂಪು ಕಂಡಿತು.

ನಾನು ಎದ್ದು ಟಂಟಂ ಹತ್ತಿರ ಹೋಗಿ ಸೀಟು ಎತ್ತಿ ಚೀಲ ನೋಡಬಹುದಿತ್ತು. ನೋಡಲಿಲ್ಲ. ಅಡಿಗೆಮನೆಗೆ ಹೋಗಿ ತಾಟು ಹಚ್ಚಿದೆ. ರೊಟ್ಟಿ ಮುರಿಯಲಿಲ್ಲ. ಇಡೀ ಕಟಕ ರೊಟ್ಟಿಯನ್ನು ಇದ್ದಂತೆಯೇ ಅವನ ಮುಂದೆ ಇಟ್ಟೆ.

"ಮುರದ್ ಕೊಡವ್ವಾ."

"ಅಂಗಿ ಕೊಟ್ಟವ್ರಿಗಿ ಕೇಳು."

ರೊಟ್ಟಿ ಮುರಿಯಲು ಸೊಸೆ ಕೈ ಚಾಚಿದಳು. ನಾನು ಅವಳ ಕೈ ಹಿಡಿದು ಕೂರಿಸಿದೆ. ಅವನು ರೊಟ್ಟಿ ಎತ್ತಿ ಅಂಚನ್ನು ತುಟಿಗೆ ಹಿಡಿದ, ಆಡು ಬೇಲಿಗೆ ಮೂತಿ ಇಟ್ಟಂತೆ. ಒಳಗೆ ಹೋಗಲಿಲ್ಲ. ಪುಡಿ ಪುಡಿಯಾಗಿ ಹೊಸ ಅಂಗಿಯ ಎದೆಯ ಮೇಲೆ ಉದುರಿತು. ಮೊಮ್ಮಗಳು ಗೂಡಿನಲ್ಲಿದ್ದ ಕಡ್ಡಿಗಳನ್ನು ತಂದು ಅವನ ತಾಟಿನ ಪಕ್ಕ ಇಟ್ಟಳು. ಅವನು ಅವುಗಳ ಕಡೆ ನೋಡಲೇ ಇಲ್ಲ. ನೀರಿನ ಗಿಲಾಸು ಎಳೆದುಕೊಂಡು, ರೊಟ್ಟಿಯನ್ನು ತಾನೇ ಮುರಿದು, ಒಂದೊಂದೇ ಚೂರು ನೀರಿಗೆ ಹಾಕತೊಡಗಿದ.