ಚಕ್ರ ಬಂದ ಔಷಧಿ ತೊಟ್ಟಿ

ಬೆಳೆಗೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನವನ್ನು ಹಾರಿಸುವವನು ಮೈದುನ. ಅದರ ಹೊಟ್ಟೆಗೆ ಔಷಧಿ ತುಂಬುವವಳು ಅತ್ತಿಗೆ. ಅವಳಿಗಿಂತ ಹಿರಿಯರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಪೈಪು ತೆಗೆದು, ಮುಚ್ಚಳ ಬಿಗಿದು, ಅವಳು ರೆಕ್ಕೆಯನ್ನು ತಟ್ಟಿದರೆ ಸಾಕು, ಮೈದುನ ಹಿಂದೆಮುಂದೆ ನೋಡದೆ ಹೊರಡುತ್ತಿದ್ದ.

ಔಷಧಿ ಕಲಸುವ ತೊಟ್ಟಿ ಮಣ್ಣಿನ ರನ್‌ವೇಯ ಒಂದು ತುದಿಯಲ್ಲಿ ಬೇರು ಬಿಟ್ಟಂತೆ ಕೂತಿತ್ತು. ಹಾಗಾಗಿ ವಿಮಾನವೂ ಯಾವಾಗಲೂ ಅಲ್ಲಿಂದಲೇ ಓಡುತ್ತಿತ್ತು. ಎದುರುಗಾಳಿಯಿದ್ದರೆ ಅದು ಬೇಗ ನೆಲ ಬಿಡುತ್ತದೆ, ಗಾಳಿ ಬೆನ್ನಿಗಿದ್ದರೆ ತಡವಾಗುತ್ತದೆ ಎಂಬುದು ಇಬ್ಬರಿಗೂ ತಿಳಿಯದ್ದೇನಲ್ಲ. ಆದರೆ ತುಂಬಿದ ವಿಮಾನವನ್ನು ಆಚೆ ತುದಿಗೆ ಒಯ್ದು ತಿರುಗಿಸುವ ವ್ಯವಧಾನ ಕೆಲಸದ ದಿನಗಳಲ್ಲಿ ಯಾರಿಗಿತ್ತು?

ಆ ಬೆಳಿಗ್ಗೆ ಗಾಳಿ ದಿಕ್ಕು ಬದಲಿಸಿತ್ತು. ಹಳೆಯ ಕೊಡೆಯ ಬಟ್ಟೆಯಿಂದ ಅತ್ತಿಗೆಯೇ ಹೊಲಿದು ಗಾಳಿಯ ದಿಕ್ಕು ತಿಳಿಯಲು ಕಂಬಕ್ಕೆ ಕಟ್ಟಿದ್ದ ಗಾಳಿಚೀಲ, ವಿಮಾನ ಓಡಬೇಕಾದ ಕಡೆಗೇ ಉಬ್ಬಿ ಚಾಚಿತ್ತು; ಗಾಳಿ ಬೆನ್ನಿಗಿತ್ತು. ಅವಳು ಅದನ್ನು ಕಂಡಳು; ಹಾರಿಸುವವನು ನೋಡಿಯೇ ಇರುತ್ತಾನೆಂದುಕೊಂಡು ರೆಕ್ಕೆ ತಟ್ಟಿದಳು. ಅತ್ತಿಗೆ ತಟ್ಟಿದ ಮೇಲೆ ಎಲ್ಲವೂ ಸರಿಯಿರುತ್ತದೆಂದುಕೊಂಡ ಅವನು ಚೀಲದತ್ತ ಕತ್ತೆತ್ತಲೇ ಇಲ್ಲ.

ವಿಮಾನ ಓಡಿತು, ಓಡುತ್ತಲೇ ಇತ್ತು. ಕೊನೆಗೆ ಭಾರ ಇಳಿಸಲು ಅವನು ಹಿಡಿ ಎಳೆದು ಔಷಧಿಯನ್ನೆಲ್ಲ ಸುರಿದುಬಿಟ್ಟ. ಆದರೂ ಚಕ್ರ ರನ್‌ವೇ ಮುಗಿಯುವಲ್ಲಿದ್ದ ಕಾಲುವೆಯ ದಂಡೆಗೆ ಬಡಿದು, ವಿಮಾನ ಆಚೆಯ ಸೂರ್ಯಕಾಂತಿ ಹೊಲದಲ್ಲಿ ಮೂಗು ಊರಿ ನಿಂತಿತು. ಅತ್ತಿಗೆ ಏದುಸಿರು ಬಿಡುತ್ತ ತಲುಪಿದಾಗ ಅವನು ಬೆಲ್ಟುಗಳಲ್ಲಿ ಜೋತುಬಿದ್ದಿದ್ದ.

“ಮುಚ್ಚಳ ಚೆನ್ನಾಗೇ ಬಿಗಿದಿದ್ರಿ ಅತ್ತಿಗೆ,” ಎಂದ.

“ನಿನ್ನ ಬಾಯಿಗೂ ಒಂದು ಬಿಗೀಬೇಕಿತ್ತು. ಅಲ್ಲಾಡಬೇಡ.”

ಮೈದುನನ ಮುರಿದ ಕಾಲು ಕೂಡಿಕೊಂಡಿತು. ಮೆಕ್ಯಾನಿಕ್ ಆಗಿದ್ದ ಅವನ ಅಣ್ಣ ವಿಮಾನವನ್ನೂ ರಿಪೇರಿ ಮಾಡಿ ನಿಲ್ಲಿಸಿದ. ಮೈದುನ ಮಾತ್ರ ಷೆಡ್ಡಿನತ್ತ ಸುಳಿಯದೆ, ಸರಿಯಾಗಿಯೇ ನಡೆಯುತ್ತಿದ್ದ ಗೋಡೆ ಗಡಿಯಾರವನ್ನು ಬಿಚ್ಚಿ ಜೋಡಿಸುತ್ತ ಕೂತಿರುತ್ತಿದ್ದ. ಅವನು ಇನ್ನು ಹಾರುವನೇ ಎಂದು ಕೇಳಲು ಅತ್ತಿಗೆಗೆ ಬಾಯಿ ಬರಲಿಲ್ಲ. ತನ್ನ ಕೈ ಮತ್ತೆ ರೆಕ್ಕೆ ತಟ್ಟೀತೇ ಎಂಬುದೇ ಅವಳಿಗೆ ಅನುಮಾನವಾಗಿತ್ತು. ಒಂದು ದಿನ ಅವಳು ವೆಲ್ಡಿಂಗ್‌ನವನ ಬಳಿಗೆ ಹೋದಳು.

“ತೊಟ್ಟಿಗೆ ಚಕ್ರವಾ? ಓಡಿಹೋದ್ರೆ ನನ್ನ ಕೇಳಬೇಡಿ ಅತ್ತಿಗೆ.”

“ಗಾಳಿ ತೊಟ್ಟಿ ಇದ್ದ ಕಡೆ ಬರಲ್ಲ ಕಣಪ್ಪ. ತೊಟ್ಟಿನೇ ಹೋಗಬೇಕು.”

ಚಕ್ರ ಬಂದ ತೊಟ್ಟಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ, ಬೇಕೆಂದೇ ಮನೆಯ ಮುಂದೆ ಎಳೆದೊಯ್ದಳು. ಮೈದುನ ಸ್ಕ್ರೂಡ್ರೈವರ್ ಕೆಳಗಿಟ್ಟ.

“ಈ ಬುದ್ಧಿ ಮೊದಲೇ ಬರಬಾರದಿತ್ತಾ ನಮಗೆ?”

“ಆಗಿನ್ನೂ ನೀನು ಮೂಗು ಊರಿರಲಿಲ್ಲವಲ್ಲ.”

ಅವನು ನಕ್ಕು, ಕೋಲೂರಿಕೊಂಡು ತೊಟ್ಟಿಯ ಹಿಂದೆಯೇ ಹೆಜ್ಜೆ ಹಾಕಿದ.

ಅವನು ಮತ್ತೆ ವಿಮಾನ ಹತ್ತಿದ ಮುಂಜಾನೆಯೂ ಗಾಳಿ ಅದೇ ತಿರುಗುಮುರುಗು ದಿಕ್ಕಿನದು. ತೊಟ್ಟಿ ಆಚೆ ತುದಿಗೆ ಹೋಯಿತು. ಅತ್ತಿಗೆ ಅರ್ಧವಷ್ಟೇ ತುಂಬಿದಳು. ಎತ್ತಿದ ಕೈ ತಡೆದು ಕೇಳಿದಳು:

“ಮೊದಲು ನೀನು ಹೇಳು. ಗಾಳಿ ಎಲ್ಲಿಂದ?”

ಅವನು ಗಾಳಿಚೀಲವನ್ನು ಸಾವಧಾನವಾಗಿ ನೋಡಿದ. “ನೇರ ಮುಖಕ್ಕೇ ಅತ್ತಿಗೆ.”

ಅವಳು ರೆಕ್ಕೆ ತಟ್ಟಿದಳು. ರನ್‌ವೇ ಇನ್ನೂ ಬೇಕಾದಷ್ಟು ಉಳಿದಿರುವಾಗಲೇ ಚಕ್ರಗಳು ನೆಲ ಬಿಟ್ಟವು. ವಿಮಾನ ಚುಕ್ಕಿಯಾಗುವವರೆಗೂ ನೋಡುತ್ತ ನಿಲ್ಲಲು ಅವಳಿಗೆ ಪುರುಸೊತ್ತಿರಲಿಲ್ಲ. ಅವನು ಮರಳುವಷ್ಟರಲ್ಲಿ ಉಳಿದರ್ಧ ಕಲಸಿಡಬೇಕಿತ್ತು.